ಚಿಪ್‌ನಿಂದ ರಹಸ್ಯ ಕೀಲಿ ಸೋರದಂತೆ ಕಾಯುವುದು ಹೇಗೆ: ಸೈಡ್ ಚಾನೆಲ್ ದಾಳಿಗಳಿಂದ ರಕ್ಷಣೆಗೆ ಒಂದು ಮಾರ್ಗದರ್ಶಿ

ಚಿಪ್ ಒಂದು ಲೆಕ್ಕ ಮಾಡಿದಾಗ ಉತ್ತರವೊಂದೇ ಹೊರಬರುವುದಿಲ್ಲ. ಲೆಕ್ಕಕ್ಕೆ ಹಿಡಿದ ಸಮಯ, ಆಗ ಎಳೆದುಕೊಂಡ ವಿದ್ಯುತ್ತು, ಸುತ್ತ ಹರಡಿದ ವಿದ್ಯುತ್ಕಾಂತೀಯ ತರಂಗಗಳು ಇವೆಲ್ಲವೂ ಒಳಗೆ ಓಡಾಡುವ ಬಿಟ್‌ಗಳಿಗೆ ತಕ್ಕಂತೆ ತುಸು ಬದಲಾಗುತ್ತವೆ. ಈ ಬದಲಾವಣೆಗಳನ್ನು ಅಳೆದು ರಹಸ್ಯ ಕೀಲಿಯನ್ನು ಕಂಡುಹಿಡಿಯುವುದೇ ಸೈಡ್ ಚಾನೆಲ್ ದಾಳಿ. ಸಮಯವನ್ನು ಅಳೆದು ಆರ್‌ಎಸ್‌ಎಯಂಥ ಗೂಢಲಿಪಿ ವಿಧಾನಗಳ ಕೀಲಿಯನ್ನು ಪಡೆಯಬಹುದೆಂದು ಗೂಢಲಿಪಿ ತಜ್ಞ ಪಾಲ್ ಕೋಚರ್ 1996ರಲ್ಲಿ ತೋರಿಸಿದರು. ಅವರೂ ಇಬ್ಬರು ಸಹೋದ್ಯೋಗಿಗಳೂ 1999ರಲ್ಲಿ ವಿದ್ಯುತ್ ಬಳಕೆಯ ಭೇದಾತ್ಮಕ ವಿಶ್ಲೇಷಣೆಯನ್ನು, ಅಂದರೆ ಹಲವು ಅಳತೆಗಳ ನಡುವಿನ ಸಣ್ಣ ವ್ಯತ್ಯಾಸಗಳಿಂದ ಕೀಲಿಯನ್ನು ಹೆಕ್ಕುವ ವಿಧಾನವನ್ನು, ಪ್ರಕಟಿಸಿದರು. ಇದರ ಬಲ ಎಷ್ಟೆಂಬುದಕ್ಕೆ ಒಂದು ಲೆಕ್ಕ ಸಾಕು. ದತ್ತಾಂಶವನ್ನು ಗೂಢಲಿಪಿಗೆ ತಿರುಗಿಸುವ ಎಇಎಸ್ ವಿಧಾನದ 128 ಬಿಟ್‌ಗಳ ಕೀಲಿಯನ್ನು ಒಟ್ಟಾಗಿ ಊಹಿಸುವುದು ಅಸಾಧ್ಯ. ಆದರೆ ಸೋರಿಕೆಯನ್ನು ಹಿಡಿದವನು ಅದನ್ನು ಬೈಟ್ ಬೈಟಾಗಿ ಊಹಿಸುತ್ತಾನೆ: ಪ್ರತಿ ಬೈಟಿಗೆ 256 ಸಾಧ್ಯತೆಗಳು, 16 ಬೈಟುಗಳಿಗೆ ಒಟ್ಟು 4096 ಮಾತ್ರ.

ರಕ್ಷಣೆಯ ಕೆಲಸವನ್ನು ಯಾವ ಕ್ರಮದಲ್ಲಿ ಮಾಡುತ್ತೇವೆ ಎಂಬುದು ಮುಖ್ಯ. ಮೊದಲೇ ಗದ್ದಲವನ್ನು, ಅಂದರೆ ಅಳತೆಯನ್ನು ಮಸುಕಾಗಿಸುವ ಯಾದೃಚ್ಛಿಕ ಏರಿಳಿತವನ್ನು, ಸೇರಿಸಲು ಹೊರಡುವುದು ಸಾಮಾನ್ಯವಾಗಿ ಕಾಣುವ ತಪ್ಪು. ಅದಕ್ಕೂ ಮುಂಚೆ, ಒಂದೇ ಕೀಲಿ ಎಷ್ಟು ಸಲ ಬಳಕೆಯಾಗುತ್ತದೆ ಎಂದು ಕೇಳಿಕೊಳ್ಳಬೇಕು. ದಾಳಿಕೋರನಿಗೆ ಸಾಮಾನ್ಯವಾಗಿ ಒಂದೇ ಕೀಲಿಯ ಮೇಲೆ ನಡೆದ ಸಾವಿರಾರು ಲೆಕ್ಕಗಳ ಟ್ರೇಸ್‌ಗಳು, ಅಂದರೆ ಕ್ಷಣ ಕ್ಷಣದ ಅಳತೆಯ ದಾಖಲೆಗಳು, ಬೇಕಾಗುತ್ತವೆ. ಮೂಲ ಕೀಲಿಯಿಂದ ಪ್ರತಿ ಸಂಪರ್ಕದ ಅವಧಿಗೂ ಹೊಸ ಕೀಲಿಯನ್ನು ಪಡೆಯುವಂತೆ ಪ್ರೋಟೋಕಾಲನ್ನು ರೂಪಿಸಿ, ಒಂದು ಕೀಲಿಯ ಬಳಕೆಗೆ ಮಿತಿ ಹಾಕಿ, ವಿದ್ಯುತ್ತು ಕಡಿದರೂ ಅಳಿಯದ ಎಣಿಕೆಯಲ್ಲಿ ಆ ಮಿತಿಯನ್ನು ಇಟ್ಟರೆ, ಮುಂದಿನ ಎಲ್ಲ ರಕ್ಷಣೆಗಳ ಹೊರೆ ಹಗುರಾಗುತ್ತದೆ. ಆಗ ಭಾರಿ ರಕ್ಷಣೆ ಬೇಕಾಗುವುದು ಮುಖ್ಯವಾಗಿ ಹೊಸ ಕೀಲಿಯನ್ನು ಹುಟ್ಟಿಸುವ ಆ ಒಂದು ಹಂತಕ್ಕೆ.

ಎರಡನೆಯದು ಸಮಯ. ರಹಸ್ಯದ ಮೇಲೆ ಅವಲಂಬಿಸಿದ ಯಾವ ಕವಲೂ (ಷರತ್ತು ನೋಡಿ ದಾರಿ ಬದಲಿಸುವ ಸಾಲು), ಯಾವ ಮೆಮೊರಿ ವಿಳಾಸವೂ ಕೋಡಿನಲ್ಲಿ ಇರಬಾರದು. ಎರಡು ಮೌಲ್ಯಗಳನ್ನು ಹೋಲಿಸುವಾಗ ಮೊದಲ ವ್ಯತ್ಯಾಸ ಕಂಡೊಡನೆ ನಿಲ್ಲುವ ಫಂಕ್ಷನ್ ಬದಲು, ಎಲ್ಲ ಬೈಟುಗಳ ವ್ಯತ್ಯಾಸವನ್ನೂ ಕೂಡಿಸಿ ಕೊನೆಯಲ್ಲಿ ಒಮ್ಮೆ ಮಾತ್ರ ನೋಡುವ ಫಂಕ್ಷನ್ ಬಳಸಬೇಕು. ಭಾಗಾಕಾರದ ಬಗ್ಗೆಯೂ ಎಚ್ಚರ ಬೇಕು, ಏಕೆಂದರೆ ಹಲವು ಪ್ರೊಸೆಸರ್‌ಗಳಲ್ಲಿ ಅದಕ್ಕೆ ಹಿಡಿಯುವ ಸಮಯ ಸಂಖ್ಯೆಗಳ ಮೇಲೆ ನಿಂತಿರುತ್ತದೆ. ಕೀಲಿ ಹಂಚಿಕೊಳ್ಳಲು ಬಳಸುವ ಕೈಬರ್ ವಿಧಾನದ ಕೆಲವು ಅನುಷ್ಠಾನಗಳಲ್ಲಿ ರಹಸ್ಯ ಮೌಲ್ಯವನ್ನು 3329ರಿಂದ ಭಾಗಿಸುವ ಒಂದು ಸಾಲೇ ಸೋರಿಕೆಗೆ ದಾರಿಯಾಗಿದ್ದು 2023ರಲ್ಲಿ ಬೆಳಕಿಗೆ ಬಂತು. ಮೂಲ ಕೋಡ್ ಚೆನ್ನಾಗಿದೆ ಎಂದು ಸುಮ್ಮನಾಗುವಂತಿಲ್ಲ. ನಾವು ಜಾಗ್ರತೆಯಿಂದ ತೆಗೆದ ಕವಲನ್ನು, ಕೋಡನ್ನು ಯಂತ್ರ ಸೂಚನೆಗಳಾಗಿ ಬದಲಿಸುವ ಕಂಪೈಲರ್ ವೇಗದ ಹೆಸರಿನಲ್ಲಿ ಮತ್ತೆ ತರಬಲ್ಲದು. ಆದ್ದರಿಂದ ಓದಿ ಪರೀಕ್ಷಿಸಬೇಕಾದದ್ದು ಅದು ಹೊರಡಿಸಿದ ಯಂತ್ರ ಸೂಚನೆಗಳನ್ನು.

ಸಮಯ ಸ್ಥಿರವಾದರೂ ವಿದ್ಯುತ್ ಬಳಕೆ ಮಾತಾಡುತ್ತಲೇ ಇರುತ್ತದೆ. ಅದಕ್ಕೆ ನನಗೆ ತಿಳಿದಂತೆ ಅತ್ಯಂತ ಗಟ್ಟಿಯಾದ ಉತ್ತರ ಮಾಸ್ಕಿಂಗ್; ತಪ್ಪಾಗುವುದೂ ಇಲ್ಲಿಯೇ ಹೆಚ್ಚು. ಇದರಲ್ಲಿ ರಹಸ್ಯ ಮೌಲ್ಯವನ್ನು ಎರಡು ಅಥವಾ ಹೆಚ್ಚು ಪಾಲುಗಳಾಗಿ ಒಡೆಯುತ್ತೇವೆ. ಒಂದು ಪಾಲು ಯಾದೃಚ್ಛಿಕ ಸಂಖ್ಯೆ, ಇನ್ನೊಂದು ಅದನ್ನು ರಹಸ್ಯದೊಂದಿಗೆ ಎಕ್ಸ್‌ಆರ್ (ಎರಡು ಬಿಟ್‌ಗಳು ಬೇರೆಯಾದಲ್ಲಿ 1, ಒಂದೇ ಆದಲ್ಲಿ 0 ಕೊಡುವ ಲೆಕ್ಕ) ಮಾಡಿ ಬಂದದ್ದು. ಪಾಲುಗಳನ್ನು ಬಿಡಿಬಿಡಿಯಾಗಿ ನೋಡಿದವನಿಗೆ ಏನೂ ತಿಳಿಯುವುದಿಲ್ಲ. ಸಾಕಷ್ಟು ಗದ್ದಲವಿದ್ದರೆ, ಪಾಲುಗಳ ಸಂಖ್ಯೆ ಹೆಚ್ಚಿದಂತೆ ದಾಳಿಗೆ ಬೇಕಾಗುವ ಟ್ರೇಸ್‌ಗಳು ಘಾತೀಯವಾಗಿ ಏರುತ್ತವೆ.

ಕಾಗದದ ಮೇಲೆ ಸರಿಯಾದ ಈ ವಾದ ಚಿಪ್‌ನಲ್ಲಿ ಎರಡು ಕಡೆ ಮುರಿಯುತ್ತದೆ. ಒಂದು ಪಾಲು ಇರುವ ರಿಜಿಸ್ಟರಿನ (ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿಯ) ಮೇಲೆಯೇ ಇನ್ನೊಂದು ಪಾಲನ್ನು ಬರೆದರೆ, ಆಗ ವ್ಯಯವಾಗುವ ವಿದ್ಯುತ್ತು ಎಷ್ಟು ಬಿಟ್‌ಗಳು ಬದಲಾದವು ಎಂಬುದನ್ನು ಅನುಸರಿಸುತ್ತದೆ. ಬದಲಾದ ಬಿಟ್‌ಗಳೆಂದರೆ ಎರಡು ಪಾಲುಗಳ ಎಕ್ಸ್‌ಆರ್, ಅಂದರೆ ಅಡಗಿಸಿಟ್ಟ ರಹಸ್ಯವೇ. ಹೀಗಾಗಿ ಪಾಲುಗಳಿಗೆ ಪ್ರತ್ಯೇಕ ರಿಜಿಸ್ಟರ್‌ಗಳನ್ನು ಮೀಸಲಿಡಬೇಕು, ಅನಿವಾರ್ಯವಾದಲ್ಲಿ ನಡುವೆ ರಹಸ್ಯಕ್ಕೆ ಸಂಬಂಧವಿಲ್ಲದ ಮೌಲ್ಯವೊಂದನ್ನು ಬರೆಯಬೇಕು, ಮತ್ತು ಪ್ರೊಸೆಸರಿನ ಪೈಪ್‌ಲೈನ್ (ಸೂಚನೆಗಳು ಹಂತ ಹಂತವಾಗಿ ಸಾಗುವ ದಾರಿ) ಹಾಗೂ ಮೆಮೊರಿ ಬಸ್ಸಿನಲ್ಲಿಯೂ ಇದೇ ಸಂಗಮ ಕಣ್ಣಿಗೆ ಬೀಳದಂತೆ ನಡೆಯುತ್ತದೆ ಎಂಬುದನ್ನು ನೆನಪಿಡಬೇಕು. ಎರಡನೆಯ ಅಪಾಯ ಹಾರ್ಡ್‌ವೇರ್ ವಿನ್ಯಾಸಕಾರರದು. ಸಂಕೇತಗಳು ಗೇಟುಗಳಿಗೆ ಬೇರೆ ಬೇರೆ ಕ್ಷಣಗಳಲ್ಲಿ ತಲುಪುವುದರಿಂದ ಹುಟ್ಟುವ ಗ್ಲಿಚ್‌ಗಳು, ಅಂದರೆ ಕ್ಷಣಿಕ ತಪ್ಪು ಸಂಕೇತಗಳು, ಎಲ್ಲ ಪಾಲುಗಳನ್ನೂ ಅರೆಕ್ಷಣ ಒಂದೇ ಗೇಟಿನಲ್ಲಿ ಬೆರೆಸಿಬಿಡಬಹುದು. 2006ರಲ್ಲಿ ಬಂದ ಥ್ರೆಶೋಲ್ಡ್ ಇಂಪ್ಲಿಮೆಂಟೇಶನ್ ವಿಧಾನವು ಪ್ರತಿ ಉಪಲೆಕ್ಕವೂ ಕನಿಷ್ಠ ಒಂದು ಪಾಲಿನಿಂದ ದೂರವಿರುವಂತೆ ಮಾಡಿ ಇದನ್ನು ತಡೆಯುತ್ತದೆ. ಡೊಮೇನ್ ಓರಿಯೆಂಟೆಡ್ ಮಾಸ್ಕಿಂಗ್‌ನಲ್ಲಿ, ಪಾಲುಗಳು ಅಡ್ಡ ಹಾಯುವ ಗುಣಾಕಾರಗಳಿಗೆ ಹೊಸ ಯಾದೃಚ್ಛಿಕ ಬಿಟ್ಟನ್ನು ಸೇರಿಸಿ, ರಿಜಿಸ್ಟರಿನಲ್ಲಿ ತಡೆದು, ಆಮೇಲೆ ಮುಂದಕ್ಕೆ ಬಿಡುತ್ತಾರೆ. ವಿನ್ಯಾಸವನ್ನು ಗೇಟುಗಳಾಗಿ ಪರಿವರ್ತಿಸುವ ಸಿಂಥೆಸಿಸ್ ಉಪಕರಣವು ಈ ಗಡಿಗಳನ್ನು ಅಳಿಸಿ ಸರ್ಕ್ಯೂಟನ್ನು ಕುಗ್ಗಿಸದಂತೆ ವಿನ್ಯಾಸದ ಭಾಗಗಳ ಶ್ರೇಣಿಯನ್ನು ಕಾಯ್ದಿಡುವ ಸೂಚನೆಯನ್ನು ಕೊಡಲೇಬೇಕು.

ಎಲಿಪ್ಟಿಕ್ ಕರ್ವ್ ಎಂಬ ವಕ್ರರೇಖೆಗಳನ್ನು ಬಳಸುವ ಗೂಢಲಿಪಿ ವಿಧಾನಗಳು ಮತ್ತು ಆರ್‌ಎಸ್‌ಎಗಳಲ್ಲಿ ಇದೇ ಕೆಲಸವನ್ನು ಬ್ಲೈಂಡಿಂಗ್ ಮಾಡುತ್ತದೆ: ಸಂದೇಶವನ್ನೂ ಘಾತಾಂಕವನ್ನೂ ಪ್ರತಿ ಸಲ ಹೊಸ ಯಾದೃಚ್ಛಿಕ ಸಂಖ್ಯೆಯಿಂದ ಮರೆಮಾಡಬೇಕು. ಅದೇ ವಕ್ರರೇಖೆಗಳನ್ನು ಬಳಸುವ ಇಸಿಡಿಎಸ್ಎ ಡಿಜಿಟಲ್ ಸಹಿಯಲ್ಲಿ ಒಮ್ಮೆ ಮಾತ್ರ ಬಳಸುವ ಸಂಖ್ಯೆಯ ಕೆಲವೇ ಬಿಟ್‌ಗಳು ಹಲವು ಸಹಿಗಳಲ್ಲಿ ಸೋರಿದರೂ ಕೀಲಿ ಹೋಗುತ್ತದೆ. 2024ರಲ್ಲಿ ಪ್ರಕಟವಾದ ಯೂಕ್ಲೀಕ್ ದಾಳಿಯಲ್ಲಿ ಸೋರಿದ್ದು ಆ ಸಂಖ್ಯೆಯ ವಿಲೋಮವನ್ನು (ಅದರೊಂದಿಗೆ ಗುಣಿಸಿದಾಗ 1 ಕೊಡುವ ಸಂಖ್ಯೆಯನ್ನು) ಕಾಣುವ ಹಂತ. ಅಲ್ಲಿನ ಯೂಕ್ಲಿಡ್ ವಿಧಾನಕ್ಕೆ ಹಿಡಿಯುವ ಸಮಯ ಸ್ಥಿರವಾಗಿರಲಿಲ್ಲ. ದೊಡ್ಡ ಗುಣಾಕಾರವನ್ನು ಕಾಪಾಡಿ ಸಣ್ಣ ಹಂತವನ್ನು ಬಿಟ್ಟುಬಿಡುವವರು ಇದನ್ನು ಗಮನಿಸಬೇಕು.

ಮರೆಮಾಚುವ ತಂತ್ರಗಳಿಗೆ ಇದೀಗ ಸರದಿ. ಎಇಎಸ್‌ನ 16 ಎಸ್-ಬಾಕ್ಸ್ (ಒಂದು ಬೈಟಿನ ಬದಲು ಇನ್ನೊಂದನ್ನು ಇಡುವ) ಲೆಕ್ಕಗಳ ಅನುಕ್ರಮವನ್ನು ಪ್ರತಿ ಸಲ ಕಲಸಿದರೆ ದಾಳಿಗೆ ಬೇಕಾಗುವ ಟ್ರೇಸ್‌ಗಳು ಸುಮಾರು 256 ಪಟ್ಟು ಹೆಚ್ಚುತ್ತವೆ. ಆದರೆ ಚತುರ ದಾಳಿಕೋರ 16 ಸ್ಥಾನಗಳನ್ನೂ ಕೂಡಿಸಿ ನೋಡಿದರೆ ಆ ಲಾಭ ಸುಮಾರು 16 ಪಟ್ಟಿಗೆ ಇಳಿಯುತ್ತದೆ. ಯಾದೃಚ್ಛಿಕ ವಿಳಂಬಗಳನ್ನು ಟ್ರೇಸ್‌ಗಳ ಮರುಜೋಡಣೆಯಿಂದ ಹೆಚ್ಚಾಗಿ ನಿವಾರಿಸಬಹುದು. ಇವು ಮಾಸ್ಕಿಂಗ್‌ಗೆ ಬೇಕಾದ ಗದ್ದಲವನ್ನು ಒದಗಿಸುತ್ತವೆ, ಅದರ ಜಾಗವನ್ನು ತುಂಬುವುದಿಲ್ಲ.

ಕೊನೆಗೆ ಅಳತೆ. ಒಂದೇ ಸ್ಥಿರ ಇನ್‌ಪುಟ್ ಕೊಟ್ಟ ಟ್ರೇಸ್‌ಗಳನ್ನೂ ಯಾದೃಚ್ಛಿಕ ಇನ್‌ಪುಟ್ ಕೊಟ್ಟ ಟ್ರೇಸ್‌ಗಳನ್ನೂ ಬೆರೆಸಿ ಸಂಗ್ರಹಿಸಿ, ಎರಡು ಗುಂಪುಗಳ ನಡುವೆ ವೆಲ್ಚ್ ಟಿ-ಪರೀಕ್ಷೆ (ಸರಾಸರಿಗಳು ನಿಜವಾಗಿ ಬೇರೆಯೇ ಎಂದು ನೋಡುವ ಸಂಖ್ಯಾಶಾಸ್ತ್ರದ ಪರೀಕ್ಷೆ) ಮಾಡುವುದು ವಾಡಿಕೆ, ಚಿಹ್ನೆ ಬಿಟ್ಟು ನೋಡಿದ ಮೌಲ್ಯ 4.5ನ್ನು ಮೀರಿದರೆ ಸೋರಿಕೆಯ ಸೂಚನೆ. ಪರೀಕ್ಷೆಗೆ ಮುನ್ನ ಯಾದೃಚ್ಛಿಕ ಸಂಖ್ಯೆಗಳ ಮೂಲವನ್ನು ಬೇಕೆಂದೇ ಸೊನ್ನೆಗೆ ನಿಲ್ಲಿಸಿ ಒಮ್ಮೆ ಅಳೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಆಗ ಸೋರಿಕೆ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ವಿದ್ಯುತ್ ಏರಿಳಿತವನ್ನು ಅಳೆಯುವ ಆಸಿಲೋಸ್ಕೋಪಿನ ಜೋಡಣೆಯಲ್ಲೋ ಅಳತೆಯನ್ನು ಶುರುಮಾಡಿಸುವ ಟ್ರಿಗರಿನಲ್ಲೋ ದೋಷವಿದೆ, ಅಂಥ ಅಳತೆಯಲ್ಲಿ ಮುಂದೆ ಬರುವ ಒಳ್ಳೆಯ ಫಲಿತಾಂಶಕ್ಕೆ ಬೆಲೆಯಿಲ್ಲ. ಮೂಲವನ್ನು ಮತ್ತೆ ಚಾಲೂ ಮಾಡಿ ಅಳೆದಾಗ ಸೋರಿಕೆ ಕಂಡರೆ, ಹೊಸ ಟ್ರೇಸ್‌ಗಳಲ್ಲಿಯೂ ಅದೇ ಕ್ಷಣದಲ್ಲಿ ಮರುಕಳಿಸುತ್ತದೆಯೇ ಎಂದು ನೋಡಿ, ಆ ಕ್ಷಣಕ್ಕೆ ಹೊಂದುವ ಯಂತ್ರ ಸೂಚನೆಯನ್ನು ಗುರುತಿಸಿ ತಿದ್ದಬೇಕು. ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಅಷ್ಟು ಟ್ರೇಸ್‌ಗಳಲ್ಲಿ, ಆ ಜೋಡಣೆಯಲ್ಲಿ ಸೋರಿಕೆ ಕಾಣಲಿಲ್ಲವೆಂದಷ್ಟೇ ಅರ್ಥ. ಕಂಪೈಲರಿನ ಆವೃತ್ತಿ, ಅದರ ಆಯ್ಕೆಗಳು ಅಥವಾ ಚಿಪ್‌ನ ಪರಿಷ್ಕರಣೆ ಬದಲಾದಾಗಲೆಲ್ಲ, ಮೂಲ ಕೋಡಿನ ಒಂದಕ್ಷರವೂ ಬದಲಾಗದಿದ್ದರೂ, ಈ ಅಳತೆಯನ್ನು ಮತ್ತೆ ಮೊದಲಿನಿಂದ ಮಾಡಬೇಕು.