ಆಸ್ತಮಾನೂ ಹೌದು, ಸಿಒಪಿಡಿನೂ ಹೌದು

ಶಿಡ್ಲಘಟ್ಟದಲ್ಲಿ ನನ್ನದೊಂದು ಚಿಕ್ಕ ಕ್ಲಿನಿಕ್ ಇದೆ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಇಬ್ಬರು ಮೂವರು ಕೆಮ್ಮುತ್ತಾ ಕೂತಿರುತ್ತಾರೆ. ಜಾಸ್ತಿ ಜನ ರೇಷ್ಮೆ ರೀಲಿಂಗ್ ಕೆಲಸದವರು. ಗೂಡು ಬೇಯಿಸುವ ಒಲೆಯ ಹೊಗೆ, ಹಬೆ, ಗೂಡಿನ ದೂಳು, ಇದರ ನಡುವೆಯೇ ವರ್ಷಗಟ್ಟಲೆ ನೂಲು ತೆಗೆದವರು.

ಅವರಲ್ಲಿ 56 ವರ್ಷದ ಒಬ್ಬ ಅಮ್ಮ ಇದ್ದಾರೆ. ಮೊದಲ ಸಲ ಬಂದಾಗ ನಾನು ಅವಸರ ಮಾಡಿದೆ. ಮನೆಯಲ್ಲಿ ಸೌದೆ ಒಲೆ ಎಂದರು, 30 ವರ್ಷ ರೀಲಿಂಗ್ ಎಂದರು. ಉಸಿರುನಾಳ ಕಿರಿದಾಗಿ ಹಾಗೇ ಉಳಿದುಬಿಡುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಸಿಒಪಿಡಿ. ಬೀಡಿ ಮುಟ್ಟದವರಿಗೂ ಸೌದೆ ಹೊಗೆಯಿಂದ ಅದು ಬರುತ್ತದೆ. ಸರಿ, ಸಿಒಪಿಡಿ ಎಂದು ಬರೆದೆ. ಉಸಿರುನಾಳ ಹಿಗ್ಗಿಸುವ ಎರಡು ಔಷಧಿ ಸೇರಿದ ಇನ್ಹೇಲರ್ ಕೊಟ್ಟೆ. ನಾಳದೊಳಗಿನ ಊತ ಇಳಿಸುವ ಸ್ಟೀರಾಯ್ಡ್ ಅದರಲ್ಲಿ ಇರಲಿಲ್ಲ.

ಮೂರೇ ವಾರ. ಒಂದು ರಾತ್ರಿ ಮಗಳು ಅವರನ್ನು ಹಿಡಿದುಕೊಂಡು ಬಂದಳು. ಅಮ್ಮನಿಗೆ ಮಾತೇ ಹೊರಡುತ್ತಿರಲಿಲ್ಲ. ಆಕ್ಸಿಜನ್, ನೆಬ್ಯುಲೈಸರ್, ಸ್ಟೀರಾಯ್ಡ್ ಎಲ್ಲ ಕೊಟ್ಟ ಮೇಲೆ ಉಸಿರು ಹದಕ್ಕೆ ಬಂತು. ಆಗ ಪಕ್ಕದಲ್ಲಿ ಕೂತು ಕೇಳಿದೆ: "ಅಮ್ಮಾ, ಚಿಕ್ಕ ವಯಸ್ಸಲ್ಲಿ ಗೂರಲು ಇತ್ತಾ?"

ಅವರು ದನಿ ತಗ್ಗಿಸಿದರು. "ಇತ್ತು ಮೇಡಂ. ಚಳಿಗಾಲ ಬಂದ್ರೆ ರಾತ್ರಿಯೆಲ್ಲಾ ಕೂತೇ ಇರ್ತಿದ್ದೆ. ಗಂಡಿನ ಕಡೆಯವರಿಗೆ ಹೇಳಬೇಡ ಅಂದ್ರು ನಮ್ಮಮ್ಮ. ಆಮೇಲೆ ಯಾರಿಗೂ ಹೇಳಲಿಲ್ಲ."

ಅದನ್ನು ನಾನು ಮೊದಲ ದಿನವೇ ಕೇಳಬೇಕಿತ್ತು. ಆಸ್ತಮಾ ಇದ್ದವರಿಗೆ ಸ್ಟೀರಾಯ್ಡ್ ಇಲ್ಲದೆ ಬರೀ ನಾಳ ಹಿಗ್ಗಿಸುವ ಔಷಧಿ ಕೊಟ್ಟರೆ ಅಪಾಯ. ಮೇಲಿಂದ ಹಾಯೆನಿಸುತ್ತದೆ, ಒಳಗಿನ ಊತ ಹಾಗೇ ಇರುತ್ತದೆ. ಸಿಒಪಿಡಿ ಜೊತೆಗೆ ಸೇರಿಕೊಂಡಿದ್ದರೂ ಈ ಮಾತು ಬದಲಾಗುವುದಿಲ್ಲ.

ಸುಧಾರಿಸಿಕೊಂಡ ಮೇಲೆ ಸ್ಪೈರೊಮೆಟ್ರಿ ಮಾಡಿದೆ. ಊದಿದಾಗ ಎಷ್ಟು ಗಾಳಿ, ಎಷ್ಟು ಬೇಗ ಹೊರಬರುತ್ತದೆ ಎಂದು ಅಳೆಯುವ ಪರೀಕ್ಷೆ ಇದು. ಮೊದಲ ಎರಡು ಸಲ ಅವರಿಗೆ ಸರಿಯಾಗಿ ಊದಲು ಆಗಲಿಲ್ಲ. "ಊದುಗೊಳವೆಯಲ್ಲಿ ಒಲೆ ಹೊತ್ತಿಸ್ತೀರಲ್ವಾ? ಹಾಗೇ ಒಂದೇ ಸಲಕ್ಕೆ ಜೋರಾಗಿ ಊದಿ, ಉಸಿರು ಖಾಲಿ ಆಗೋವರೆಗೂ ಬಿಡಬೇಡಿ" ಎಂದೆ. ಮೂರನೇ ಸಲ ಚೆನ್ನಾಗಿ ಊದಿದರು. ಈಗ ಎಲ್ಲರಿಗೂ ಹೀಗೇ ಹೇಳಿಕೊಡುತ್ತೇನೆ.

ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ 1.05 ಲೀಟರ್. ನಾಳ ಹಿಗ್ಗಿಸುವ ಸಾಲ್ಬುಟಮಾಲ್ ಕೊಟ್ಟು 15 ನಿಮಿಷ ಬಿಟ್ಟು ಊದಿಸಿದಾಗ 1.30 ಆಯಿತು. 200 ಮಿಲಿಲೀಟರ್ ಮತ್ತು ಶೇಕಡಾ 12, ಎರಡನ್ನೂ ಮೀರಿ ಏರಿದರೆ ಔಷಧಿಗೆ ನಾಳ ಚೆನ್ನಾಗಿ ತೆರೆದುಕೊಂಡಿದೆ ಎಂದರ್ಥ. ಆಸ್ತಮಾದಲ್ಲಿ ಹೀಗಾಗುವುದು ಜಾಸ್ತಿ. ಆದರೆ ಪೂರ್ತಿ ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು ಔಷಧಿಯ ನಂತರವೂ 0.58ರಲ್ಲೇ ನಿಂತಿತು. 0.70ಕ್ಕಿಂತ ಕಡಿಮೆ ಇದ್ದರೆ ನಾಳ ಕಿರಿದಾಗೇ ಉಳಿದಿದೆ ಅಂತ. ಹೊಗೆಯಲ್ಲಿ ಅಷ್ಟು ವರ್ಷ ಕಳೆದವರಿಗೆ ಇದು ಸಿಒಪಿಡಿಯ ಗುರುತು. ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಗೆಯ ಬಿಳಿ ರಕ್ತಕಣ ಮೈಕ್ರೊಲೀಟರಿಗೆ 520 ಇತ್ತು. 300 ದಾಟಿದರೆ ಸ್ಟೀರಾಯ್ಡ್ ಇನ್ಹೇಲರ್‌ನಿಂದ ಉಪಯೋಗ ಆಗುವ ಸಾಧ್ಯತೆ ಹೆಚ್ಚು.

ಹೀಗೆ ಎರಡೂ ಸೇರಿಕೊಂಡಿರುವುದಕ್ಕೆ ಗೀನಾ ಮತ್ತು ಗೋಲ್ಡ್ ಎಂಬ ತಜ್ಞರ ಸಂಸ್ಥೆಗಳು 2014ರಲ್ಲಿ 'ಓವರ್‌ಲ್ಯಾಪ್' ಎಂಬ ಹೆಸರು ಕೊಟ್ಟಿದ್ದವು. 2020ರಲ್ಲಿ ಗೋಲ್ಡ್ ಆ ಹೆಸರು ಕೈಬಿಟ್ಟಿತು. ಅದು ಬೇರೆಯೇ ಒಂದು ಕಾಯಿಲೆಯಲ್ಲ, ಒಬ್ಬರಲ್ಲೇ ಎರಡು ಕಾಯಿಲೆ ಎಂಬುದು ಅವರ ಮಾತು. ನನಗೂ ಅದೇ ಸರಿ ಅನ್ನಿಸುತ್ತದೆ.

ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಮತ್ತು ನಾಳ ಹಿಗ್ಗಿಸುವ ಫಾರ್ಮೊಟೆರಾಲ್ ಸೇರಿದ ಇನ್ಹೇಲರ್ ಶುರು ಮಾಡಿದೆ, ಸ್ಪೇಸರ್ ಎಂಬ ಕೊಳವೆ ಸಿಕ್ಕಿಸಿ. ಆಮೇಲೆ ನಾಳ ಹಿಗ್ಗಿಸುವ ಇನ್ನೊಂದು ಔಷಧಿ ಟಿಯೊಟ್ರೋಪಿಯಂ ಸೇರಿಸಿದೆ. ನಿಜವಾದ ಕಷ್ಟ ಬಂದದ್ದು ಔಷಧಿ ಆರಿಸುವುದರಲ್ಲಲ್ಲ. "ಪಂಪು ಅಭ್ಯಾಸ ಆಗ್ಬಿಡುತ್ತಂತೆ, ಮಾತ್ರೆ ಕೊಡಿ ಮೇಡಂ" ಎಂದು ಪ್ರತಿ ಸಲ ಕೇಳುತ್ತಿದ್ದರು. ಮಾತ್ರೆಯ ಸ್ಟೀರಾಯ್ಡ್ ಮೈಯೆಲ್ಲಾ ಸುತ್ತುತ್ತದೆ, ಇದು ಅದಕ್ಕಿಂತ ತುಂಬಾ ಕಡಿಮೆ ಪ್ರಮಾಣದಲ್ಲಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ ಎಂದು ಪ್ರತಿ ಸಲವೂ ಹೇಳಿದೆ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಬಿಳಿ ಪದರ ಕಟ್ಟಬಹುದು. ಅದನ್ನೂ ನನ್ನ ಎದುರೇ ಮಾಡಿಸಿ ನೋಡಿದೆ. ಮಾಲೀಕರ ಹತ್ತಿರ ಮಾತಾಡಿ, ಒಲೆಯಿಂದ ದೂರ ನೂಲು ಕಟ್ಟುವ ಕಡೆಗೆ ಕೆಲಸ ಹಾಕಿಸಿಕೊಂಡರು.

ಮೊನ್ನೆ ಮತ್ತೆ ಊದಿಸಿದೆ. ಮೊದಲ ಸೆಕೆಂಡಿನ ಪಾಲು 0.60. ಅದು ಇನ್ನು ಪೂರ್ತಿ ಸರಿಹೋಗುವುದಿಲ್ಲ, ಅವರಿಗೂ ಹೇಳಿದ್ದೇನೆ. ಆದರೆ ರಾತ್ರಿ ಎದ್ದು ಕೂರುವುದು ನಿಂತಿದೆ. ಹೊರಡುವಾಗ ಬಾಗಿಲ ಹತ್ತಿರ ನಿಂತು ಹೇಳಿದರು: "ಮುಂದಿನ ಸಲ ಮಗಳನ್ನೂ ಊದಿಸಿ ಮೇಡಂ. ಅವಳಿಗೂ ಚಳಿಗಾಲದಲ್ಲಿ ಗೂರಲು ಬರುತ್ತೆ."