ವಿಭಾಗ ಮುಚ್ಚುವ ಮಾತು ಬಂದಾಗ ವಿದ್ಯಾರ್ಥಿಗಳಿಗಾಗಿ ನಾವು ಮಾಡಿದ್ದು

ರಾಜ್ಯದ ವಿಶ್ವವಿದ್ಯಾಲಯವೊಂದರ ತತ್ವಶಾಸ್ತ್ರ ಸ್ನಾತಕೋತ್ತರ ವಿಭಾಗದಲ್ಲಿ ಪಾಠ ಮಾಡುವವಳು ನಾನು. ದಾಖಲಾತಿ ವರ್ಷದಿಂದ ವರ್ಷಕ್ಕೆ ಇಳಿಯುತ್ತ, ನಿವೃತ್ತರ ಹುದ್ದೆಗಳು ಖಾಲಿಯೇ ಉಳಿಯುತ್ತ ಬಂದು, ಕೊನೆಗೆ ಹೊಸ ಪ್ರವೇಶವನ್ನು ನಿಲ್ಲಿಸಿ ವಿಭಾಗವನ್ನು ಬೇರೊಂದರೊಡನೆ ವಿಲೀನಗೊಳಿಸುವ ಪ್ರಸ್ತಾವ ಎದ್ದಿತು. ವಿದ್ಯಾರ್ಥಿಗಳಿಗೆ ಇದು ಮೊದಲು ತಿಳಿದದ್ದು ವಾಟ್ಸ್‌ಆ್ಯಪ್ ಗುಂಪಿನಿಂದ. ರಾಜ್ಯದ ಹತ್ತು ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದೆಂದು ಸಚಿವ ಸಂಪುಟದ ಉಪಸಮಿತಿ 2025ರ ಫೆಬ್ರುವರಿಯಲ್ಲಿ ಶಿಫಾರಸು ಮಾಡಿದ್ದು ಎಲ್ಲರಿಗೂ ನೆನಪಿದ್ದುದರಿಂದ, ವದಂತಿಯನ್ನು ತಳ್ಳಿಹಾಕುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

‘ಏನೂ ಆಗುವುದಿಲ್ಲ, ಓದಿಕೊಳ್ಳಿ’ ಎಂಬ ಸಮಾಧಾನದಿಂದ ಪ್ರಯೋಜನವಿಲ್ಲವೆಂದು ನನಗೆ ಬೇಗನೆ ಮನವರಿಕೆಯಾಯಿತು. ಪ್ರತಿಯೊಬ್ಬರೂ ತಮ್ಮ ಪ್ರಶ್ನೆಯನ್ನು ಬರೆದುಕೊಡಲಿ ಎಂದೆವು. ಬಂದ ಚೀಟಿಗಳಲ್ಲಿ ಹೆಚ್ಚಿನವು ವಿಭಾಗದ ಅಳಿವು ಉಳಿವಿನ ಬಗ್ಗೆ ಇರಲೇ ಇಲ್ಲ. ‘ಮೇಡಂ, ನಾಲ್ಕನೇ ಸೆಮಿಸ್ಟರ್ ಇಲ್ಲೇ ಮುಗಿಯುತ್ತದೆಯೇ, ಪದವಿ ಪತ್ರದಲ್ಲಿ ಯಾವ ವಿಷಯ ನಮೂದಾಗುತ್ತದೆ, ಕೆ-ಸೆಟ್ (ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ) ಬರೆಯಲು ತೊಂದರೆಯಾಗುವುದೇ’ ಎಂಬಂಥವೇ ಇದ್ದವು. ಎರಡನೆಯದು ಕೇಳಲು ಸಣ್ಣದಾಗಿದ್ದರೂ ಅದೇ ಎಲ್ಲಕ್ಕಿಂತ ಮುಖ್ಯವಾದದ್ದು. ಅಭ್ಯರ್ಥಿಗಳು ಸಾಮಾನ್ಯವಾಗಿ ತಮ್ಮ ಸ್ನಾತಕೋತ್ತರ ವಿಷಯದಲ್ಲಿಯೇ ಕೆ-ಸೆಟ್ ಬರೆಯುವುದರಿಂದ, ವಿಲೀನದ ನೆಪದಲ್ಲಿ ಪದವಿಯ ಹೆಸರು ನಡುವೆ ಬದಲಾದರೆ ಮುಂದೆ ದಾಖಲೆ ಪರಿಶೀಲನೆಯ ಹೊತ್ತಿಗೆ ಪರದಾಡಬೇಕಾದವರು ಈ ಮಕ್ಕಳೇ. ಆದ್ದರಿಂದ ಈಗಾಗಲೇ ಪ್ರವೇಶ ಪಡೆದವರಿಗೆ ಅದೇ ಪಠ್ಯಕ್ರಮ, ಅದೇ ಪರೀಕ್ಷಾ ಪದ್ಧತಿ, ಅದೇ ಪದವಿನಾಮ ಮುಂದುವರಿಯುತ್ತದೆಂದು ಲಿಖಿತವಾಗಿ ತಿಳಿಸಬೇಕೆಂದು ವಿಭಾಗದ ಮುಖ್ಯಸ್ಥರ ಮೂಲಕ ಕುಲಸಚಿವರಿಗೆ ಪತ್ರ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆವು. ಉತ್ತರ ಬಂದ ದಿನವೇ ಅದರ ಪ್ರತಿಯನ್ನು ಸೂಚನಾ ಫಲಕಕ್ಕೆ ಹಚ್ಚಿದೆವು.

ಪ್ರಸ್ತಾವ ಈಗ ಯಾರ ಮುಂದಿದೆ, ವಿದ್ಯಾವಿಷಯಕ ಪರಿಷತ್ತಿನ ಮುಂದೋ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಮುಂದೋ, ಎಂಬುದನ್ನು ವಾರಕ್ಕೊಮ್ಮೆ ತಿಳಿಸುವ ರೂಢಿಯನ್ನೂ ಇಟ್ಟುಕೊಂಡೆವು. ಹೊಸ ಸುದ್ದಿ ಇಲ್ಲದಿದ್ದರೆ ಇಲ್ಲವೆಂದೇ ಹೇಳುತ್ತಿದ್ದೆವು.

ನಮ್ಮಲ್ಲಿ ಅತಿಥಿ ಉಪನ್ಯಾಸಕರೇ ಹೆಚ್ಚು, ಮತ್ತು ಮೊದಲು ಹೊರಹೋಗಬೇಕಾದವರೂ ಅವರೇ. ಹೀಗಿದ್ದೂ ನಮ್ಮ ಕೆಲಸದ ಹೋರಾಟಕ್ಕೆ ವಿದ್ಯಾರ್ಥಿಗಳನ್ನು ಮುಂದೆ ನಿಲ್ಲಿಸಬಾರದೆಂದು ಒಮ್ಮತಕ್ಕೆ ಬಂದೆವು. ಧರಣಿಗೆ ಹೋಗುವವರು ತಮ್ಮ ಇಚ್ಛೆಯಿಂದ ಹೋಗಲಿ, ಹೋದವರಿಗೂ ಹೋಗದವರಿಗೂ ಆಂತರಿಕ ಅಂಕಗಳಲ್ಲಿ ವ್ಯತ್ಯಾಸವಾಗಬಾರದು ಎಂಬುದು ನಿರ್ಣಯವಾಗಿತ್ತು. ಇದು ನನ್ನ ಕೆಲವು ಸಹೋದ್ಯೋಗಿಗಳಿಗೆ ಹಿಡಿಸಲಿಲ್ಲ, ಈಗಲೂ ಹಿಡಿಸಿಲ್ಲ.

ಉಳಿದದ್ದು ಕಾಗದಪತ್ರದ ಕೆಲಸ. ಬೇರೆಡೆ ಸೇರುವಾಗ ತತ್ಸಮಾನತೆ ಪರಿಶೀಲಿಸುವವರು ಪಠ್ಯಕ್ರಮದ ವಿವರ ಕೇಳಬಹುದು, ಆಗ ಸಹಿ ಹಾಕಲು ವಿಭಾಗವೇ ಇಲ್ಲದಿರಬಹುದು ಎಂದು, ಎಲ್ಲ ಸೆಮಿಸ್ಟರ್‌ಗಳ ಪಠ್ಯಕ್ರಮವನ್ನು ದೃಢೀಕರಿಸಿ ಪ್ರತಿಯೊಬ್ಬರಿಗೂ ಕೊಟ್ಟೆವು. ಮಗಳನ್ನು ಹಾಸ್ಟೆಲಿನಿಂದ ಬಿಡಿಸಿ ಕರೆದೊಯ್ಯಲು ಬಂದ ತಂದೆಯೊಬ್ಬರಿಗೆ ನನ್ನ ಮಾತಿಗಿಂತ ಆ ಕಡತ ಮತ್ತು ಕುಲಸಚಿವರ ಪತ್ರವೇ ಹೆಚ್ಚು ಧೈರ್ಯ ಕೊಟ್ಟವು.

ಪಿಎಚ್‌ಡಿ ಸಂಶೋಧಕರದು ಬೇರೆಯೇ ತೊಡಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯಂತೆ ಪ್ರಾಧ್ಯಾಪಕರು ಒಂದು ಕಾಲಕ್ಕೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗಷ್ಟೇ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಹೀಗಾಗಿ ಮಾರ್ಗದರ್ಶಕರನ್ನು ಬದಲಿಸುವುದು ಅಂದುಕೊಂಡಷ್ಟು ಸುಲಭವಲ್ಲ. ವಿಭಾಗದ ಭವಿಷ್ಯ ತೀರ್ಮಾನವಾಗುವವರೆಗೆ ಕಾಯದೆ, ಇತಿಹಾಸ ಮತ್ತು ಕನ್ನಡ ವಿಭಾಗಗಳ ಹಿರಿಯರನ್ನು ಸಹ ಮಾರ್ಗದರ್ಶಕರಾಗಲು ಒಪ್ಪಿಸಿದೆವು.

ಎಲ್ಲರೂ ಮರೆಯುವುದು ಹಿಂದಿನ ವರ್ಷಗಳಲ್ಲಿ ಒಂದೋ ಎರಡೋ ಪತ್ರಿಕೆ ಪಾಸಾಗದೆ ಉಳಿಸಿಕೊಂಡು ಊರಿಗೆ ಹೋದವರನ್ನು. ಅವರ ಪಟ್ಟಿ ಮಾಡಿ, ಅವರಿಗಿರುವ ಅವಕಾಶಗಳು ಮುಗಿಯುವವರೆಗೆ ಹಳೆಯ ಪಠ್ಯಕ್ರಮದ ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರ ಮಂಡಳಿಯನ್ನು ಉಳಿಸಿಕೊಳ್ಳಬೇಕೆಂದು ಮೌಲ್ಯಮಾಪನ ಕುಲಸಚಿವರನ್ನು ಕೇಳಿದ್ದೇವೆ. ಪ್ರಸ್ತಾವ ಇನ್ನೂ ಸಿಂಡಿಕೇಟಿನ ಮುಂದಿದೆ. ಮೌಲ್ಯಮಾಪನ ಕುಲಸಚಿವರಿಗೆ ಬರೆದ ಪತ್ರಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.