ಕಾದ ಕಲ್ಲಿನ ಮೇಲೆ ಮೂಸಿ ಕಟ್ಟಿದ ಕೋರ್ಸಿಕಾ ಪರ್ಫ್ಯೂಮ್: ನನ್ನ ಅನುಭವ

ಪರ್ಫ್ಯೂಮ್ ಮೂಸಿ ನೋಡುವ ಕಾಗದದ ಬ್ಲಾಟರ್ ಪಟ್ಟಿ ಬದಿಗಿಟ್ಟು ಬಿಸಿಲಲ್ಲಿ ಕಾದ ಗ್ರಾನೈಟ್ ಮೇಲೆ ನನ್ನ ಪ್ರಯೋಗದ ಮಿಶ್ರಣ, ಅಂದರೆ ಟ್ರಯಲ್, ಮೂಸುತ್ತೇನೆ ಅಂದಾಗ ಪರ್ಫ್ಯೂಮ್ ಮಾಡುವ ಬೆಂಗಳೂರಿನ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಈಗ 31ನೇ ಟ್ರಯಲ್ ಬಾಟಲಿಗೆ ಇಳಿದಿದೆ, ಮೊದಲ 60 ಬಾಟಲಿ ಖಾಲಿಯಾಗಿವೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಫ್ರಾನ್ಸಿನ ಕೋರ್ಸಿಕಾ ದ್ವೀಪದ ಉತ್ತರ ತೀರದಲ್ಲಿ ಆಗ್ರಿಯಾತ್ ಅನ್ನುವ ಪ್ರದೇಶವಿದೆ. ಹೆಸರಿಗೆ ಮರುಭೂಮಿ, ನೋಡಿದರೆ ಕಲ್ಲುಗುಡ್ಡದ ತುಂಬ ಮಾಕಿ, ಅಂದರೆ ಮೆಡಿಟರೇನಿಯನ್ ತೀರದ ಘಮದ ಕುರುಚಲು ಪೊದೆ. ಜೂನ್ ಕೊನೆಯಲ್ಲಿ ನಾಲ್ಕು ದಿನ ಅಲ್ಲಿ ನಡೆದೆ. ಅದರಲ್ಲೊಂದು ಅಂಟು ಎಲೆಯ ಸಿಸ್ಟಸ್. ಬೆಳಿಗ್ಗೆ ಏಳಕ್ಕೆ ಆ ಪೊದೆ ಸುಮ್ಮನಿರುತ್ತದೆ. ಮಧ್ಯಾಹ್ನ ಎರಡಕ್ಕೆ ಅದೇ ಎಲೆ ಮುಟ್ಟಿದರೆ ಹಲಸಿನ ಮೇಣದ ಹಾಗೆ ಬೆರಳಿಗೆ ಹಿಡಿಯುತ್ತದೆ, ಉಜ್ಜಿದಷ್ಟೂ ರಾಳದ ಘಮ ಏರುತ್ತದೆ. ಗ್ರೀಸಿನ ಕ್ರೀಟ್ ದ್ವೀಪದಲ್ಲಿ ಹಿಂದೆ ಮೇಕೆಗಳ ಗಡ್ಡಕ್ಕೆ ಮೆತ್ತಿದ ಈ ಅಂಟನ್ನೇ ಬಾಚಿ ಲ್ಯಾಬ್ಡನಮ್ ಅನ್ನುವ ಸುಗಂಧ ರಾಳ ಮಾಡುತ್ತಿದ್ದರು. ಆ ನೆಲದ ವಾಸನೆಯನ್ನು ಮೇಲೆಬ್ಬಿಸುವುದು ಬಿಸಿಲು. ಅದನ್ನು ಏಸಿ ರೂಮಿನಲ್ಲಿ ಕಾಗದದ ಮೇಲೆ ಹುಡುಕಿದರೆ ಸಿಗುವುದು ಹೇಗೆ? ಇಷ್ಟು ಹೊಳೆಯಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಮೊದಲ ಹನ್ನೆರಡು ಟ್ರಯಲ್ ಇಮ್ಮಾರ್ಟೆಲ್ ಅನ್ನುವ ಮಾಕಿಯ ಹಳದಿ ಹೂವಿನಿಂದ ಶುರು ಮಾಡಿ ಕೆಟ್ಟೆ. ಅದರ ಅಬ್ಸಲ್ಯೂಟ್ (ದ್ರಾವಕದಿಂದ ತೆಗೆದ ಗಟ್ಟಿ ಸಾರ) ಶೇ. 3ರಷ್ಟು ಹಾಕಿದ್ದೆ. ಮನೆಯಲ್ಲಿ ಎಲ್ಲರೂ ಒಂದೇ ಮಾತು: "ಸಾರಿನ ಪುಡಿ ಹುರಿದ ಹಾಗಿದೆ." ಅವರು ಹೇಳಿದ್ದು ಸರಿಯೇ. ಆ ಹೂವಿನಲ್ಲಿ ಹುರಿದ ಮೆಂತ್ಯದ ಛಾಯೆ ಇದೆ. ಯುರೋಪಿನವರಿಗೆ ಅದು ಜೇನು, ಒಣಹುಲ್ಲು ಆಗಿರಬಹುದು, ನಮ್ಮ ಮೂಗು ನೇರ ಅಡುಗೆಮನೆಗೆ ಹೋಗುತ್ತದೆ. ಅಬ್ಸಲ್ಯೂಟ್ ಬಿಟ್ಟು ಅದೇ ಹೂವಿನ ಭಟ್ಟಿ ಇಳಿಸಿದ ಎಣ್ಣೆಗೆ ಬಂದೆ. ಹತ್ತು ಎಂಎಲ್‌ಗೆ ಸುಮಾರು 4,500 ರೂಪಾಯಿ. ಎರಡನೇ ಸಲ ತಂದ ಎಣ್ಣೆಯ ಲೇಬಲ್ ಮೇಲೆ ಕೋರ್ಸಿಕಾ ಅಂತಿತ್ತು, ಮೂಸಿದರೆ ಪೈನ್ ಮರದ ವಾಸನೆ ಮುಂದಾಗಿತ್ತು. ಎಣ್ಣೆಯಲ್ಲಿ ಏನೇನು ಎಷ್ಟಿದೆ ಅಂತ ತೋರಿಸುವ ಜಿಸಿ (ಗ್ಯಾಸ್ ಕ್ರೊಮೆಟೋಗ್ರಫಿ) ಟೆಸ್ಟ್ ಮಾಡಿಸಿದೆ. ಕೋರ್ಸಿಕಾದ ಎಣ್ಣೆಯಲ್ಲಿ ಮೇಲುಗೈ ನೆರಿಲ್ ಅಸಿಟೇಟ್ ಅನ್ನುವ ಅಂಶದ್ದು, ಇದರಲ್ಲಿ ಪೈನ್ ವಾಸನೆಯ ಆಲ್ಫಾ ಪೈನೀನ್‌ದು, ಬಾಲ್ಕನ್ ಎಣ್ಣೆಯ ಹಾಗೆ. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಎಣ್ಣೆ, ಟೆಸ್ಟ್ ಸೇರಿ ಹದಿನೈದು ಸಾವಿರದ ಹತ್ತಿರ ಹೋಯಿತು.

ನಡುವೆ ಇನ್ನೊಂದು ಆಸೆ ಹತ್ತಿತು. ಕಾದ ಕಲ್ಲಿನ ಭಾವ ಬರಲಿ ಅಂತ ಉತ್ತರ ಪ್ರದೇಶದ ಕನೌಜ್‌ನ ಮಿಟ್ಟಿ ಅತ್ತರು (ಸುಟ್ಟ ಮಣ್ಣಿನಿಂದ ಇಳಿಸಿದ ಅತ್ತರು) ಸೇರಿಸಿದೆ. ಅರ್ಧ ಪರ್ಸೆಂಟ್‌ಗೇ ಕೋರ್ಸಿಕಾ ಮಾಯವಾಗಿ ಮೊದಲ ಮಳೆ ಬಿದ್ದ ಅಂಗಳ ಬಂತು. ಬಹಳ ಚೆಂದ ಇತ್ತು, ಆ ಬಾಟಲಿ ಇಟ್ಟುಕೊಂಡಿದ್ದೇನೆ. ಆದರೆ ಅದು ಬೇರೆ ಪರ್ಫ್ಯೂಮ್.

ಕೊನೆಗೆ ಕೆಲಸಕ್ಕೆ ಬಂದಿದ್ದು ಮನೆಯ ತಾರಸಿ. ಪಾಲಿಶ್ ಇಲ್ಲದ ಗ್ರಾನೈಟ್ ತುಂಡುಗಳನ್ನು ಅಂಗಡಿಯಿಂದ ಪುಕ್ಕಟೆ ತಂದೆ. ಏಪ್ರಿಲ್ ಬಿಸಿಲಿಗೆ ಕಲ್ಲು 48 ಡಿಗ್ರಿ ಆಸುಪಾಸು ಬರುತ್ತಿತ್ತು. ಟ್ರಯಲನ್ನು ಆಲ್ಕೋಹಾಲ್‌ನಲ್ಲಿ ಹತ್ತು ಪರ್ಸೆಂಟ್‌ಗೆ ತೆಳು ಮಾಡಿ ಒಂದು ಹನಿ ಹಾಕಿ, ಆಲ್ಕೋಹಾಲ್ ಹಾರಿದ ಮೇಲೆ ಮೊಣಕಾಲೂರಿ ಮೂಸುವುದು. ಕಾಗದದ ಮೇಲೆ ಅರ್ಧ ದಿನ ಅಡಗಿಕೊಂಡಿರುವ ತಪ್ಪು ಅಲ್ಲಿ ಇಪ್ಪತ್ತು ನಿಮಿಷಕ್ಕೆ ಬಯಲಾಗುತ್ತದೆ. ಮೆಂತ್ಯ ಎಲ್ಲಿ ತಲೆ ಎತ್ತುತ್ತದೆ ಅಂತ ಮೊದಲ ದಿನವೇ ಕಂಡಿತು: ಲ್ಯಾಬ್ಡನಮ್ ತೆಳುವಾದ ಕಡೆ. ಫಾರ್ಮುಲಾ ತಲೆಕೆಳಗು ಮಾಡಿದೆ. ಸಿಸ್ಟಸ್ ಎಣ್ಣೆ, ಲ್ಯಾಬ್ಡನಮ್ ಸೇರಿ ಶೇ. 9ರ ಹತ್ತಿರ, ಮೇಲೆ ಹಸಿರು ವಾಸನೆಗೆ ಮಾಕಿಯದೇ ಗಿಡಗಳಾದ ಲೆಂಟಿಸ್ಕ್, ಮಿರ್ಟಲ್, ವರ್ಬೆನೋನ್ ಅಂಶ ಹೆಚ್ಚಿರುವ ರೋಸ್‌ಮೆರಿ. ಇಮ್ಮಾರ್ಟೆಲ್ ಕೊನೆಗೆ, ಶೇ. 0.7 ಅಷ್ಟೇ. ಉಪ್ಪುಗಾಳಿಗೆ ಕಡಲ ವಾಸನೆಯ ಸಿಂಥೆಟಿಕ್ ಕ್ಯಾಲೋನ್ ಮುಟ್ಟಲಿಲ್ಲ, ಕಡಲಪಾಚಿ ಅಬ್ಸಲ್ಯೂಟ್ ಸಾಕಾಯಿತು. ಅದನ್ನು ಯಾವುದರಲ್ಲಿ ಕರಗಿಸಿ, ಯಾವ ಹಂತದಲ್ಲಿ ಹಾಕುತ್ತೇನೆ ಅನ್ನುವುದು ನನ್ನ ಬಳಿಯೇ ಇರಲಿ.

ನಿಂಬೆ ಜಾತಿಯ ಬರ್ಗಮಾಟ್ ಇಲ್ಲದ ಮೆಡಿಟರೇನಿಯನ್ ಪರ್ಫ್ಯೂಮ್ ಮಾರುವುದಿಲ್ಲ ಅಂತ ಮೂವರು ಎಚ್ಚರಿಸಿದ್ದರು. ಆಗ್ರಿಯಾತ್‌ನ ಪೊದೆಗಳ ನಡುವೆ ನಾನು ಒಂದು ನಿಂಬೆಮರವನ್ನೂ ಕಾಣಲಿಲ್ಲ, ಹಾಕಲಿಲ್ಲ. ಐದು ವಾರ ಮೆಸರೇಷನ್ (ಆಲ್ಕೋಹಾಲ್‌ನಲ್ಲಿ ಹದವಾಗಲು ಬಿಡುವುದು), ಶೇ. 15ರ ಸಾಂದ್ರತೆ, 30 ಎಂಎಲ್‌ಗೆ 2,800 ರೂಪಾಯಿ. ಎಚ್ಚರಿಸಿದ ಮೂವರಲ್ಲಿ ಒಬ್ಬರು ಎರಡು ಬಾಟಲಿ ಒಯ್ದರು, ಜೊತೆಗೆ ಒಂದು ಗ್ರಾನೈಟ್ ತುಂಡನ್ನೂ ಕೇಳಿ ಪಡೆದರು.